ಬರಿ ಚೀಲ ಕೊಡಬಾರದು

ಎದುರಿಗೆ ಬರುವವರ ಕೈಯಲ್ಲಿ ವೈರು ಬ್ಯಾಗು ಕಂಡರೆ ನಾನು ಅವರ ಮುಖ ನೋಡುವುದಿಲ್ಲ, ಬ್ಯಾಗಿನ ತಳ ನೋಡುತ್ತೇನೆ. ಒಳ್ಳೆಯ ಅಭ್ಯಾಸವಲ್ಲ, ಒಪ್ಪುತ್ತೇನೆ. ಹೋದ ತಿಂಗಳು ಮಂಡ್ಯದ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸಿನ ಬ್ಯಾಗಿನ ತಳವನ್ನು ಸೊಂಟ ಬಗ್ಗಿಸಿ ನೋಡುತ್ತಿದ್ದಾಗ ಆಕೆಯ ಗಂಡ ಬಂದು, "ಯಾಕ್ ಸಾಮಿ, ಏನಾರ ಬೀಳುಸ್ಕಂಡ್ರಾ?" ಎಂದು ಕೇಳಿದ. "ಇಲ್ಲಣ್ಣ, ಗಂಟು ನೋಡ್ತಿದ್ದೆ" ಎಂದೆ. ಅವನು ಹೆಂಡತಿಯನ್ನು ನಾಲ್ಕು ಕಂಬ ಆಚೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದ. ನಾನು ಬಿ.ಎ. ಪಾಸಾದವನು ಎಂದು ಕೂಗಿ ಹೇಳೋಣ ಅನ್ನಿಸಿತು. ಹೇಳಿದ್ದರೆ ಇನ್ನೂ ಎರಡು ಕಂಬ ದೂರ ಹೋಗುತ್ತಿದ್ದರೇನೋ.

ವೈರು ಬ್ಯಾಗು ನಿಮಗೆ ಗೊತ್ತಿಲ್ಲದ್ದೇನಲ್ಲ. ನಿಮ್ಮ ಅಡುಗೆಮನೆಯ ಮೊಳೆಗೂ ಒಂದು ನೇತಾಡುತ್ತಿರಬಹುದು. ಪ್ಲಾಸ್ಟಿಕ್ ವೈರಿನಲ್ಲಿ ಗಂಟುಗಂಟಾಗಿ ಹೆಣೆದದ್ದು. ಹಸಿರಿಗೆ ಹಳದಿ ಪಟ್ಟೆ, ಇಲ್ಲವೇ ಕೆಂಪಿಗೆ ಬಿಳಿ. ಸಂತೆಗೂ ಅದೇ, ಆಸ್ಪತ್ರೆಗೂ ಅದೇ, ಬಾಣಂತಿ ನೋಡಲು ಹೋಗುವಾಗಲೂ ಅದೇ. ಕಳ್ಳನೂ ಅದನ್ನು ಮುಟ್ಟುವುದಿಲ್ಲ, ಯಾವ ಬಣ್ಣ ಯಾರ ಮನೆಯದೆಂದು ಊರಿಗೆಲ್ಲ ಗೊತ್ತಿರುತ್ತದಲ್ಲ. ನಾನು ಹೆಣೆದದ್ದನ್ನಂತೂ ನೂರು ಬ್ಯಾಗಿನ ನಡುವೆ ಇಟ್ಟರೂ ಹುಡುಕಿ ತೆಗೆಯುತ್ತೇನೆ. ನಾನು ಎಡಚ. ಲೋಕದವರ ಗಂಟೆಲ್ಲ ಬಲಕ್ಕೆ ಹೊರಳಿದರೆ ನನ್ನವು ಎಡಕ್ಕೆ ಹೊರಳುತ್ತವೆ. ತಳದಲ್ಲಿ ಅದು ಎದ್ದು ಕಾಣುತ್ತದೆ.

ಕಲಿತದ್ದು ಆರನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ. ಹುಣಸೆಮರದಿಂದ ಬಿದ್ದು ಕಾಲು ಮುರಿದುಕೊಂಡು, ಹನಕೆರೆಯ ನಮ್ಮ ಮನೆಯ ಜಗಲಿಯ ಮೇಲೆ ಕಟ್ಟು ಹಾಕಿಸಿಕೊಂಡು ಬಿದ್ದಿದ್ದೆ. ಅವ್ವನ ತವರು ಮಳವಳ್ಳಿ ಕಡೆ. ಅಲ್ಲಿ ಹುಡುಗಿಯಾಗಿದ್ದಾಗ ಕಲಿತ ಬ್ಯಾಗಿನ ಕೆಲಸವನ್ನು ಅವಳು ಮದುವೆಯಾದ ಮೇಲೂ ಬಿಟ್ಟಿರಲಿಲ್ಲ. ಗದ್ದೆಯಿಂದ ಬಂದು ಮುದ್ದೆಗೆ ಎಸರಿಟ್ಟರೆ ಅದು ಕುದಿಯುವಷ್ಟರಲ್ಲಿ ಎರಡು ಸಾಲು ಮುಗಿಸುತ್ತಿದ್ದಳು. ನನ್ನ ನರಳಾಟ ಕೇಳಿ ಸಾಕಾಗಿ ಒಂದು ದಿನ ಒಂದು ಸುರುಳಿ ವೈರು ತಂದು ನನ್ನ ಎದೆಯ ಮೇಲೆ ಎಸೆದಳು.

"ಕಾಲ್ ಮುರ್ದದೆ, ಕೈಗೇನ್ ಬಂದದೆ? ಬ್ಯಾಗ್ ಎಣಿ."

"ಇದು ಎಂಗುಸ್ರು ಕೆಲ್ಸ ಕಣವ್ವ."

"ಮರ ಅತ್ತಿ ಬೀಳಾದು ಗಂಡುಸ್ರು ಕೆಲ್ಸವಾ? ಸುಮ್ಕೆ ಎಣೀಲಾ."

ಶಾಲೆ ಶುರುವಾಗುವಷ್ಟರಲ್ಲಿ ಒಂದು ಬ್ಯಾಗು ಮುಗಿಯಿತು. ನೆಲದ ಮೇಲೆ ಇಟ್ಟರೆ ಎಡಕ್ಕೆ ವಾಲಿ ನಿಲ್ಲುತ್ತಿತ್ತು. "ನಿನ್ನಂಗೇ ಅದೆ" ಎಂದಳು ಅವ್ವ. ಅದರಲ್ಲಿ ಈಗಲೂ ಈರುಳ್ಳಿ ಇಡುತ್ತಾಳೆ.

ಇಲ್ಲಿ ಇನ್ನೊಂದು ಸಂಗತಿ ಹೇಳಿಬಿಡಬೇಕು, ಆಮೇಲೆ ಬೇಕಾಗುತ್ತದೆ. ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ಯಾರಿಗೇ ಆಗಲಿ ಬರಿ ಪಾತ್ರೆ, ಬರಿ ಚೀಲ ಕೊಡಬಾರದು. ಪಕ್ಕದ ಮನೆಯ ಚನ್ನಮ್ಮ ಸಾರು ಕೊಟ್ಟ ಬಟ್ಟಲು ವಾಪಸ್ಸು ಹೋಗುವಾಗ ಅದರಲ್ಲಿ ಎರಡು ಬದನೆಕಾಯಿಯೋ, ಒಂದು ಹಿಡಿ ಕಾಳೋ, ಏನೂ ಇಲ್ಲದಿದ್ದರೆ ಒಂದು ಅಚ್ಚು ಬೆಲ್ಲವೋ ಇರಲೇಬೇಕು. ಬೆಲ್ಲಕ್ಕೆ ನಮಗೆ ಬರವಿಲ್ಲ. ನಮ್ಮ ಕಬ್ಬಿನ ಗದ್ದೆಯ ಪಕ್ಕದಲ್ಲೇ ಆಲೆಮನೆ. ಬಟ್ಟಲು ಮುಟ್ಟಿಸುವ ಕೆಲಸ ನನ್ನದಾಗಿತ್ತು. ಒಂದು ಸಲ ದಾರಿಯಲ್ಲೇ ಬೆಲ್ಲ ತಿಂದು ಬರಿ ಬಟ್ಟಲು ಕೊಟ್ಟು ಬಂದೆ. ಐದು ನಿಮಿಷಕ್ಕೆಲ್ಲ ಚನ್ನಮ್ಮ ಸೆರಗು ಸಿಕ್ಕಿಸಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಳು.

"ಏನ್ ತಾಯಿ, ನಮ್ ಮ್ಯಾಲೆ ಕ್ವಾಪ ಇದ್ರೆ ಬಾಯ್ಬುಟ್ಟು ಯೋಳು. ಬಟ್ಲು ಕೈಲಿ ಯಾಕ್ ಯೋಳುಸ್ತೀಯ?"

ಅವ್ವ ನನ್ನ ಕಡೆ ತಿರುಗಿದಳು. ನನ್ನ ತುಟಿಯ ಮೇಲೆ ಒಂದು ಇರುವೆ ಓಡಾಡುತ್ತಿತ್ತು. ಮುಂದೆ ನಡೆದದ್ದನ್ನು ಬರೆಯುವುದಿಲ್ಲ.

ಈಗ ಓದಿನ ವಿಷಯ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಹಿಂದೆ ಯಾರೂ ಇಲ್ಲ, ಅಕ್ಕಪಕ್ಕದಲ್ಲೂ ಇಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ನಾಚಿಕೊಂಡು ಹೇಳಲು ನನಗೆ ಬರುವುದಿಲ್ಲ. ಎರಡು ಬಸ್ಸು ಬದಲಾಯಿಸಿ, ಕಬ್ಬಿನ ಲಾರಿಗಳ ಹಿಂದೆ ತೆವಳಿಕೊಂಡು ಭಾರತೀನಗರದ ಕಾಲೇಜಿಗೆ ಹೋಗಿ, ಸಕ್ಕರೆ ಕಾರ್ಖಾನೆಯ ವಾಸನೆಯಲ್ಲಿ ನೋಟ್ಸು ಬರೆದು ಸಂಪಾದಿಸಿದ ಬಿ.ಎ. ಅದು. ಚರಿತ್ರೆ ಒಲಿಯಿತು, ರಾಜ್ಯಶಾಸ್ತ್ರ ಕರುಣೆ ತೋರಿಸಿತು. ಅರ್ಥಶಾಸ್ತ್ರ ಮಾತ್ರ ಎರಡು ಸಲ ಕೈಕೊಟ್ಟು, ಮೂರನೇ ಸಲ ನನ್ನ ಮುಖ ನೋಡಿ ನೋಡಿ ಬೇಸರವಾಗಿ ಬಿಟ್ಟುಕೊಟ್ಟಿತು. ಆ ಎರಡು ಸಲದ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಲಿಲ್ಲ. ರಿಸಲ್ಟು ಬಂದಿಲ್ಲ ಎನ್ನುತ್ತಿದ್ದೆ. "ನಿಮ್ ಯೂನಿವರ್ಸಿಟಿಯೋರು ಬಲೇ ಸೋಂಬೇರಿಗಳು ಕಣ್ಲಾ" ಎಂದು ಅಪ್ಪ ನನ್ನ ಪರವಾಗಿ ಅವರನ್ನು ಬಯ್ಯುತ್ತಿದ್ದರು. ನಾನೂ ಹೂಂ ಎಂದು ತಲೆಯಾಡಿಸುತ್ತಿದ್ದೆ. ಅಪ್ಪ, ಅವ್ವ ಇಬ್ಬರಿಗೂ ಓದು ಬಾರದು. ಹಾಗಾಗಿ ನನ್ನ ಟ್ರಂಕಿನಲ್ಲಿದ್ದ ಕಾಲೇಜಿನ ಟೆಸ್ಟ್ ಪೇಪರುಗಳು, ಕೆಂಪು ಶಾಯಿಯ ನಂಬರು ಸಮೇತ, ಕ್ಷೇಮವಾಗಿದ್ದವು. ಕೊನೆಗೆ ಬಂದ ಡಿಗ್ರಿ ಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ನೇತುಹಾಕಿದರು. ಶುಕ್ರವಾರ ಅವ್ವ ಅದಕ್ಕೂ ಒಂದು ಹೂವು ಸಿಕ್ಕಿಸುತ್ತಾಳೆ.

ಹೂವು ಏರಿಸಿಕೊಂಡ ಡಿಗ್ರಿ ಎರಡು ವರ್ಷ ಗೋಡೆಯ ಮೇಲೇ ಇತ್ತು. ಆಮೇಲೆ ಮಂಡ್ಯದಲ್ಲಿ ಹೊಸದಾಗಿ ಒಂದು ಸೂಪರ್ ಮಾರ್ಕೆಟ್ಟು ತೆರೆದರು. ಕೆಲಸಕ್ಕೆ ಜನ ಬೇಕು ಎಂಬ ಬೋರ್ಡು ನೋಡಿ ಹೋದೆ. ಬೆಂಗಳೂರಿನಿಂದ ಬಂದಿದ್ದ ಮ್ಯಾನೇಜರ್ ಪ್ರಕಾಶ್ ಸಾರ್, ನಿಮ್ಮ ಬಗ್ಗೆ ಇಂಗ್ಲಿಷಿನಲ್ಲಿ ಹೇಳಿ ಎಂದರು. "ಐ ಆಮ್ ಕೆಂಪರಾಜು ಫ್ರಮ್ ಹನಕೆರೆ" ಎಂದು ಜೋರಾಗಿ ಶುರುಮಾಡಿದೆ. ಅಲ್ಲಿಗೆ ಮುಗಿಯಿತು. ನನ್ನ ಬಗ್ಗೆ ನನಗೆ ಗೊತ್ತಿದ್ದ ಇಂಗ್ಲಿಷು ಅಷ್ಟೇ. ಆದರೂ ಕೆಲಸ ಸಿಕ್ಕಿತು. ಮೂರು ತಿಂಗಳು ಪರೀಕ್ಷೆಯ ಕಾಲ, ಸರಿಯಾಗಿ ನಡೆದುಕೊಂಡರೆ ಖಾಯಂ ಕಾಗದ. ಅಂಗಡಿಯೊಳಗೆ ಸಿಬ್ಬಂದಿ ಸ್ವಂತ ವ್ಯಾಪಾರ ಮಾಡಿದರೆ ಅದೇ ದಿನ ಮನೆಗೆ. ಇದನ್ನು ಸಾರ್ ಎರಡು ಸಲ ಹೇಳಿದರು. ಯಾಕೆ ಎರಡು ಸಲ ಹೇಳಿದರೋ, ಮುಖದಲ್ಲೇನಾದರೂ ಕಂಡಿತೋ!

ನನ್ನ ಹುದ್ದೆಯ ಹೆಸರು ಕಸ್ಟಮರ್ ಪ್ರಾಪರ್ಟಿ ಕೌಂಟರ್. ಅಂದರೆ ಬಾಗಿಲ ಪಕ್ಕ ನಿಂತು, ಒಳಗೆ ಹೋಗುವವರ ಚೀಲ ಇಸಿದುಕೊಂಡು, ಗೂಡಿನಲ್ಲಿಟ್ಟು, ಟೋಕನ್ ಕೊಡುವುದು. ಬರುವಾಗ ಟೋಕನ್ ಇಸಿದುಕೊಂಡು ಚೀಲ ಕೊಡುವುದು. ಅಪ್ಪ ಹೆಸರು ಮಾತ್ರ ಕೇಳಿಸಿಕೊಂಡು, "ನಮ್ ಉಡ್ಗ ಮಂಡ್ಯದಲ್ಲಿ ಪ್ರಾಪರ್ಟಿ ನೋಡ್ಕತಾನೆ" ಎಂದು ಊರಿಗೆಲ್ಲ ಸಾರಿಬಿಟ್ಟರು. ಆ ಭಾನುವಾರ ಬೆಳಿಗ್ಗೆ ಇಬ್ಬರು ಪಹಣಿ ಹಿಡಿದುಕೊಂಡು ನಮ್ಮ ಜಗಲಿಯಲ್ಲಿ ಕೂತಿದ್ದರು.

ಕೊಟ್ಟಿದ್ದ ಹಳದಿ ಅಂಗಿಯ ಬೆನ್ನ ಮೇಲೆ "ನಾನು ಸಹಾಯ ಮಾಡಲೇ?" ಎಂದು ಬರೆದಿತ್ತು. ಏನು ಬರೆದಿದೆ ಎಂದು ಅಪ್ಪ ಕೇಳಿದರು, ಓದಿ ಹೇಳಿದೆ.

"ಬೆನ್ ಮ್ಯಾಲೆ ಬರ್ಕಂಡು ಸಾಯ ಮಾಡ್ಲಾ ಅಂದ್ರೆ, ಎದ್ರಿಗ್ ಬಂದೋನ್ಗೆ ಎಂಗ್ಲಾ ಗೊತ್ತಾಯ್ತದೆ?"

ಡಿಗ್ರಿ ಓದಿದ ನಾನು ಅಂಗಿ ಮಡಿಸಿ ಒಳಗಿಟ್ಟೆ.

ದಿನಾ ಬೆಳಿಗ್ಗೆ ಹನಕೆರೆಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತುತ್ತಿದ್ದೆ. ಮನೆಯಲ್ಲಿ ಅವ್ವನಿಗೆ ಬ್ಯಾಗಿನ ಬೇಡಿಕೆ ಹೆಚ್ಚಾಗಿ, ಅವಳ ಬೆರಳ ಸಂದು ನೋಯಲು ಶುರುವಾಗಿತ್ತು. ಮೈ ಹೆಣೆಯುವ ಕೆಲಸವನ್ನು ನಾನೇ ವಹಿಸಿಕೊಂಡೆ. ಹನಕೆರೆಯಿಂದ ಯಲಿಯೂರಿಗೆ ಒಂದು ಸಾಲು, ಯಲಿಯೂರಿನಿಂದ ಮಂಡ್ಯಕ್ಕೆ ಇನ್ನೊಂದು. ಗಾಡಿ ಸಿಗ್ನಲ್ಲಿಗೆ ನಿಂತರೆ ಅರ್ಧ ಸಾಲು ಲಾಭ. ಉಳಿದದ್ದು ಸಂಜೆ ವಾಪಸ್ಸು ಬರುವಾಗ ಮತ್ತು ರಜೆಯ ದಿನ. ಯಲಿಯೂರಿನಲ್ಲಿ ಹತ್ತುತ್ತಿದ್ದ ಒಬ್ಬ ಹಿರಿಯರು ಒಂದು ವಾರ ಸುಮ್ಮನೆ ನೋಡಿದರು. ಎರಡನೇ ವಾರ ತಡೆಯಲಾಗಲಿಲ್ಲ.

"ಏನ್ಲಾ ಮಗ, ಎಷ್ಟು ಓದಿದ್ದೀಯೆ?"

"ಬಿ.ಎ. ಗೌಡ್ರೇ."

"ಇದ್ನ ಅಲ್ಲೇ ಏಳ್ಕೊಟ್ರಾ?"

ಬೋಗಿಯ ತುಂಬ ನಗು. ನಾನೂ ನಕ್ಕೆ. ಇಳಿಯುವ ಮುಂಚೆ ಗೌಡರು ಹತ್ತಿರ ಬಂದು, ಪಿಸುಮಾತಿನಲ್ಲಿ, "ನಮ್ಮನೇವ್ಳಿಗೂ ಒಂದ್ ಬೇಕು. ಕೆಂಪ್ಗಿರ್ಲಿ. ನಾ ಏಳ್ದೆ ಅನ್ಬ್ಯಾಡ" ಎಂದರು. ಹೀಗೆ ಯಲಿಯೂರಿನ ವ್ಯಾಪಾರ ಶುರುವಾಯಿತು. ರೈಲಿನಲ್ಲಿ ಬ್ಯಾಗು ಕೊಂಡವರು ಯಾರೂ ಅದರೊಳಗೆ ಏನಿತ್ತು ಎಂಬ ಮಾತನ್ನೇ ಎತ್ತಲಿಲ್ಲ. ನಮ್ಮ ಕಡೆಯವರಿಗೆ ಅದು ಮಾತಾಡುವ ವಿಷಯವೇ ಅಲ್ಲ.

ಅಂಗಡಿಯ ವ್ಯಾಪಾರ ಶುರುವಾದದ್ದು ನನ್ನ ಊಟದ ಬ್ಯಾಗಿನಿಂದ. ಕೌಂಟರಿನ ಹಿಂದೆ ಅದನ್ನು ನೇತುಹಾಕಿರುತ್ತಿದ್ದೆ. ಶಾರದಮ್ಮ ಎಂಬ ರಿಟೈರಾದ ಟೀಚರು, ಪ್ರತಿ ವಾರ ತಪ್ಪದೆ ಬರುವವರು, ಒಂದು ದಿನ ಟೋಕನ್ ಇಸಿದುಕೊಳ್ಳುವುದನ್ನೂ ಮರೆತು ಅದನ್ನೇ ನೋಡುತ್ತ ನಿಂತರು. "ಇಂಥದ್ದೊಂದು ನಮ್ಮ ತಾಯಿ ಹತ್ತಿರ ಇತ್ತಪ್ಪ. ಎಲ್ಲಿ ಸಿಗುತ್ತೆ?" ನಾನು ಆ ಕಡೆ ಈ ಕಡೆ ನೋಡಿ, ಮನೆಯಲ್ಲಿ ಮಾಡುತ್ತೇವೆ ಎಂದೆ, ಯಾರಿಗೂ ಹೇಳಬೇಡಿ, ಕೆಲಸ ಹೋಗುತ್ತದೆ ಎಂದೂ ಸೇರಿಸಿದೆ. ಅವರು ಯಾರಿಗೂ ಹೇಳಲಿಲ್ಲ. ತಮ್ಮ ಇಬ್ಬರು ಗೆಳತಿಯರಿಗೆ ಬಿಟ್ಟು.

ಬ್ಯಾಗು ತಲುಪಿಸುವ ಉಪಾಯ ನನ್ನದೇ, ಅದಕ್ಕೆ ಹೆಮ್ಮೆಯೂ ಇತ್ತು. ಬೆಳಿಗ್ಗೆ ಹೊಸ ಬ್ಯಾಗು ತಂದು ಗೂಡಿನಲ್ಲಿ ಇಡುವುದು. ಹೇಳಿದವರು ಸಾಮಾನು ಕೊಂಡು ಬಂದಾಗ ಅದನ್ನೇ ಅವರ ಚೀಲವೆಂಬಂತೆ ಕೊಡುವುದು. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ಬಾರದ ಬುದ್ಧಿ ಇಲ್ಲಿ ಬಂದಿತ್ತು.

ಮೂರನೇ ತಿಂಗಳು ಮುಗಿಯುತ್ತ ಬಂದಾಗ ಬೆಲ್ಲದ ಪ್ರಕರಣ ಶುರುವಾಯಿತು. ನಮ್ಮ ಬಾಗಿಲಲ್ಲಿ ಬಿಲ್ಲಿಗೂ ಸಾಮಾನಿಗೂ ತಾಳೆ ನೋಡಿ ಮುದ್ರೆ ಒತ್ತುವವನು ಮಿಲಿಟ್ರಿಯಿಂದ ಬಂದ ನಿಂಗಣ್ಣ. ಗಡಿಯಲ್ಲಿ ಹೇಗೆ ನಿಂತಿದ್ದನೋ ಇಲ್ಲೂ ಹಾಗೇ ನಿಲ್ಲುತ್ತಿದ್ದ. ಒಂದು ಸೋಮವಾರ ಒಬ್ಬಾಕೆಯ ಚೀಲದ ಅಡಿಯಲ್ಲಿ, ಮುದುರಿದ ಕಾಗದದೊಳಗೆ, ಬಿಲ್ಲಿನಲ್ಲಿಲ್ಲದ ಒಂದು ಅಚ್ಚು ಬೆಲ್ಲ ಸಿಕ್ಕಿತು. ಆಕೆ ತಾನೇ ಮರೆತೆನೇನೋ ಎಂದುಕೊಂಡು ನಾಚಿ, ಅದಕ್ಕೂ ಬಿಲ್ಲು ಹಾಕಿಸಿಕೊಂಡು ಹೋದರು. ಗುರುವಾರ ಇನ್ನೊಬ್ಬಾಕೆ. ಆಕೆ ಮಾತ್ರ ನಾಚುವವರಲ್ಲ. "ಒಂದಚ್ಚು ಬೆಲ್ಲ ಕದಿಯಾ ದರಿದ್ರ ನಮ್ಗ್ ಬಂದಿಲ್ಲ ಕಣಯ್ಯ!" ಎಂದು ಕೂಗಾಡಿ, ಕೊಂಡ ಸಾಮಾನನ್ನೂ ಅಲ್ಲೇ ಸುರಿದು ಹೋದರು.

ಪ್ರಕಾಶ್ ಸಾರ್ ಯೋಚಿಸಿ, ಇದು ಹೆಂಗಸರ ಗ್ಯಾಂಗು ಎಂದು ತೀರ್ಮಾನಿಸಿದರು. ಬೆಲ್ಲದ ಕಪಾಟಿಗೆ ಕಾವಲು ಹಾಕಬೇಕು. ಯಾರನ್ನು?

"ಕೆಂಪರಾಜು, ನೀವು ಎಜುಕೇಟೆಡ್ಡು. ಅಬ್ಸರ್ವ್ ಮಾಡಿ. ಇದನ್ನ ಹಿಡಿದುಕೊಟ್ರೆ ನಿಮ್ಮ ಕನ್ಫರ್ಮೇಶನ್ ಲೆಟರ್ ಈ ವಾರವೇ."

ನನ್ನ ಕೌಂಟರನ್ನು ಜೊತೆಯ ಸವಿತಾಗೆ ಒಪ್ಪಿಸಿ, ಶಾರದಮ್ಮನವರ ಹಸಿರು ಬ್ಯಾಗು ಯಾವ ಗೂಡಿನಲ್ಲಿದೆ ಎಂದು ಹೇಳಿ, ಹೋಗಿ ಬೆಲ್ಲದ ಎದುರು ನಿಂತೆ. ಖಾಯಂ ಕಾಗದ ಬಂದರೆ ಅಪ್ಪ ಅದಕ್ಕೂ ಕಟ್ಟು ಹಾಕಿಸುತ್ತೇನೆ ಎಂದಿದ್ದರು. ಗೋಡೆಯಲ್ಲಿ ಜಾಗವನ್ನೂ ನೋಡಿ ಇಟ್ಟಿದ್ದರು. ಬೆಳಿಗ್ಗೆಯೆಲ್ಲ ನಾನು ಬೆಲ್ಲವನ್ನು ನೋಡಿದೆ, ಬೆಲ್ಲ ನನ್ನನ್ನು ನೋಡಿತು. ಒಬ್ಬ ಕಳ್ಳಿಯೂ ಬರಲಿಲ್ಲ.

ನಿಮಗೆ ಆಗಲೇ ಗೊತ್ತಾಗಿದೆ, ನಗುತ್ತಿದ್ದೀರಿ. ನನಗೆ ಗೊತ್ತಾಗಿರಲಿಲ್ಲ, ಆಣೆ. ಸಿಕ್ಕಿಬಿದ್ದ ಇಬ್ಬರ ಕೈಯಲ್ಲಿದ್ದದ್ದೂ ನಾನು ಕೊಟ್ಟ ಬ್ಯಾಗೇ, ಆದರೆ ಬೆಲ್ಲ ಅಂಗಡಿಯದೆಂದೇ ನಂಬಿದ್ದೆ. ಬ್ಯಾಗಿನ ಮೈ ಮಾತ್ರ ನನ್ನದು. ಹಿಡಿ ಹಾಕಿ, ಆಕಾರ ಕೆಡದಂತೆ ಒಳಗೆ ಹಳೇ ಕಾಗದ ತುಂಬಿ, ಬಾಯಿ ಕಟ್ಟಿ ಕೊಡುವುದು ಅವ್ವನ ಪಾಲು. ಕಟ್ಟಿದ ಬಾಯನ್ನು ನಾನು ಬಿಚ್ಚಿ ನೋಡಿದವನಲ್ಲ.

ಮಧ್ಯಾಹ್ನ ಬಾಗಿಲ ಕಡೆಯಿಂದ ಗದ್ದಲ ಕೇಳಿಸಿತು. ಓಡಿದೆ. ಶಾರದಮ್ಮನವರು ನಿಂತಿದ್ದರು. ಅವರ ಕೈಯಲ್ಲಿ ಹಸಿರು ಬ್ಯಾಗು, ನಿಂಗಣ್ಣನ ಕೈಯಲ್ಲಿ ಕಾಗದ ಸುತ್ತಿದ ಬೆಲ್ಲ. ಸುತ್ತ ಹತ್ತು ಹದಿನೈದು ಜನ. ಅವರಲ್ಲಿ ಇಬ್ಬರಾದರೂ ಟೀಚರ ಹಳೆಯ ವಿದ್ಯಾರ್ಥಿಗಳೆಂದು ಆ ಇಬ್ಬರು ತಲೆ ತಗ್ಗಿಸಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಮೇಡಂ, ಈ ಬ್ಯಾಗು ಎಲ್ಲಿಂದ ತಂದ್ರಿ? ಹೋದ ಎರಡು ಕೇಸಲ್ಲೂ ಇಂಥದ್ದೇ ಬ್ಯಾಗು" ಎಂದು ಪ್ರಕಾಶ್ ಸಾರ್ ಕೇಳುತ್ತಿದ್ದರು.

ಟೀಚರು ನನ್ನನ್ನು ನೋಡಿದರು. ಒಂದು ಮಾತು ಹೇಳಿದ್ದರೆ ಅವರು ಅಲ್ಲಿಂದ ತಲೆಯೆತ್ತಿ ಹೋಗಬಹುದಿತ್ತು. ಕಣ್ಣು ನನ್ನಿಂದ ತೆಗೆದು ಸಾರ್ ಕಡೆ ತಿರುಗಿಸಿದರು.

"ಬ್ಯಾಗು ಎಲ್ಲಿಂದ ತಂದೆ ಅನ್ನೋದು ನಿಮಗೆ ಬೇಡದ ವಿಷಯ. ನಾನು ಬೆಲ್ಲ ಕದ್ದಿಲ್ಲ. ನಂಬೋದಾದರೆ ನಂಬಿ." ಧ್ವನಿ ಗಟ್ಟಿಯಾಗಿತ್ತು.

ನಾನು ಬ್ಯಾಗಿನ ತಳ ನೋಡಿದೆ. ಎಡಕ್ಕೆ ಹೊರಳಿದ ಗಂಟುಗಳು. ಬೆಲ್ಲ ಸುತ್ತಿದ್ದ ಕಾಗದ ನೋಡಿದೆ. ಅದರ ಅಂಚಿನಲ್ಲಿ ಕೆಂಪು ಶಾಯಿ. ತುಟಿಯ ಮೇಲೆ ಇರುವೆ ಓಡಾಡಿದಂತಾಯಿತು. ಎಲ್ಲ ಒಟ್ಟಿಗೆ ಅರ್ಥವಾಯಿತು: ಅವ್ವ, ಕಟ್ಟಳೆ, ಚನ್ನಮ್ಮನ ಬಟ್ಟಲು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ಅರ್ಥವಾಯಿತು. ಈ ವಾರವೇ ಕಾಗದ. ಗೋಡೆಯಲ್ಲಿ ಜಾಗ.

"ಸಾರ್, ಆ ಬೆಲ್ಲ ನಮ್ಮವ್ವಂದು" ಎಂದೆ.

ಸಾರ್ ನಂಬಲಿಲ್ಲ. ಟೀಚರ ಮೇಲಿನ ಗೌರವಕ್ಕೆ ಸುಳ್ಳು ಹೇಳುತ್ತಿದ್ದೀರಿ ಎಂದರು. ಬ್ಯಾಗು ನಾನೇ ಹೆಣೆದದ್ದು ಎಂದೆ. ಅದನ್ನಂತೂ ಯಾರೂ ನಂಬಲಿಲ್ಲ. ಜನರ ನಡುವೆ ಯಾರೋ ಕಿಸಕ್ಕೆಂದರು. ಉಳಿದ ಸಾಕ್ಷಿ ಒಂದೇ.

"ಕಾಗದ ಬಿಚ್ಚಿ ನೋಡಿ ಸಾರ್. ನನ್ನ ಹೆಸರಿರುತ್ತೆ."

ಸಾರ್ ಬಿಚ್ಚಿದ್ದರೆ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದರು. ಬಿಚ್ಚಿದವನು ನಿಂಗಣ್ಣ. ಕವಾಯತಿನ ಗಂಟಲಿನಲ್ಲಿ ಓದಿದ: "ಕೆಂಪರಾಜು ಎಚ್.! ಅರ್ಥಶಾಸ್ತ್ರ! ಇಪ್ಪತ್ತೈದಕ್ಕೆ ಏಳು!"

ಮನೆಯವರಿಂದ ಇಷ್ಟು ವರ್ಷ ಮುಚ್ಚಿಟ್ಟಿದ್ದು ಸಾಬೂನಿನ ಸಾಲಿನವರೆಗೆ ಕೇಳಿಸಿತ್ತು. ಶಾರದಮ್ಮನವರು ಕಾಗದವನ್ನು ಇಸಿದುಕೊಂಡು, ಕನ್ನಡಕ ಏರಿಸಿ, ತಮ್ಮ ಮೇಲಿದ್ದ ಆಪಾದನೆಯನ್ನೇ ಮರೆತು ನನ್ನ ಉತ್ತರವನ್ನು ಮೇಲಿಂದ ಕೆಳಗೆ ಓದಿದರು.

"ಇದಕ್ಕೆ ಏಳು ಕೊಟ್ಟವರು ಒಳ್ಳೆಯ ಮನುಷ್ಯರಪ್ಪ" ಎಂದರು.

ಸಾರ್‌ಗೆ ಇನ್ನೂ ಅರೆ ಅನುಮಾನ. ನನ್ನ ಫೋನಿನಿಂದಲೇ ಅವ್ವನಿಗೆ ಹಚ್ಚಿಸಿ, ಎಲ್ಲರಿಗೂ ಕೇಳಿಸುವಂತೆ ಹಿಡಿದರು.

"ಅಮ್ಮಾ, ನಾನು ಅಂಗಡಿ ಮ್ಯಾನೇಜರು. ಬ್ಯಾಗಲ್ಲಿ ಬೆಲ್ಲ ಇಟ್ಟಿದ್ದು ನೀವಾ?"

"ಊ ಕಣಪ್ಪ. ಯಾಕೆ, ಇರ್ವೆ ಮುತ್ಕಂಡ್ವಾ?"

"ಯಾಕಮ್ಮ ಇಟ್ರಿ?"

"ಯಾಕೆ ಅಂದ್ರೆ? ಬರಿ ಚೀಲ ಕೊಡಾಕಾಯ್ತದಾ? ನಿಮ್ಮನೇಲಿ ಕೊಟ್ಟಾರಾ?"

ಅತ್ತ ಅವ್ವ ಬಿಡಲಿಲ್ಲ. "ಅಲೋ? ಊಟ ಆಯ್ತಾ ಮಗ? ನಮ್ ಕೆಂಪನ್ಗೆ ಒಸಿ ಏಳಪ್ಪ, ಮಜ್ಜಿಗೆ ಮರ್ತೋಗವ್ನೆ."

ಅಷ್ಟರಲ್ಲಿ ನಿಂಗಣ್ಣ ಸಾಕ್ಷಿಯ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡಿದ್ದ. "ಸಾರ್, ಇದು ನಮ್ಮಂಗ್ಡಿ ಬೆಲ್ಲ ಅಲ್ವೇ ಅಲ್ಲ" ಎಂದು ಘೋಷಿಸಿದ.

"ಹೇಗೆ ಹೇಳ್ತೀರಿ?"

"ರುಚಿಯಾಗದೆ."

ಆ ದಿನ ನನ್ನನ್ನು ಮನೆಗೆ ಕಳಿಸಲಿಲ್ಲ. ಹೆಡ್ಡಾಫೀಸಿಗೆ ಇಂಗ್ಲಿಷಿನಲ್ಲಿ ತಪ್ಪೊಪ್ಪಿಗೆ ಬರೆದುಕೊಡಿ ಎಂದರು. ಕೌಂಟರಿನಲ್ಲೇ ಕೂರಿಸಿಕೊಂಡು ಶಾರದಮ್ಮನವರು ಬರೆಸಿದರು. ಅವರಿಗೆ ಅನ್ಯಾಯವಾಗಿತ್ತು, ತಿದ್ದಿಸಿಕೊಂಡವನು ನಾನು. ಖಾಯಂ ಕಾಗದ ಎರಡು ವಾರ ತಡವಾಗಿ ಬಂತು, ಜೊತೆಗೆ ಎರಡು ಷರತ್ತು. ಅಂಗಡಿಯೊಳಗೆ ಬ್ಯಾಗಿನ ವ್ಯಾಪಾರ ಇಲ್ಲ. ಹೊರಗೆ ಮಾರಿದ ಬ್ಯಾಗಿನಲ್ಲೂ ನಮ್ಮ ಅಂಗಡಿಯಲ್ಲಿ ಸಿಗುವ ಯಾವ ವಸ್ತುವೂ ಇರಬಾರದು, ಕೊಂಡವರು ಅದನ್ನೇ ಹಿಡಿದು ಇಲ್ಲಿಗೆ ಬಂದಾರು. ಮೊದಲು ಸಿಕ್ಕಿಬಿದ್ದಿದ್ದ ಇಬ್ಬರು ಹೆಂಗಸರನ್ನೂ ಸಾರ್ ತಾವೇ ಕರೆಸಿ ಕ್ಷಮೆ ಕೇಳಿದರು. ಅವರು ಹೊರಟಾಗ ಸಾರ್ ಅವರ ಚೀಲಕ್ಕೆ ಏನೋ ಹಾಕಿದ್ದು ಕಂಡಿತು. ಹತ್ತಿರ ಹೋಗಿ ನೋಡಿದೆ: ಒಂದೊಂದು ಅಚ್ಚು ಬೆಲ್ಲ, ಬಿಲ್ಲು ಸಮೇತ. "ಬರಿ ಚೀಲ ಕಳಿಸಬಾರದಂತಲ್ರೀ" ಎಂದರು ಸಾರ್, ನನ್ನ ಮುಖ ನೋಡದೆ.

ಮನೆಯಲ್ಲಿ ಷರತ್ತು ಓದಿ ಹೇಳಿದೆ. ಅಪ್ಪ ಕಟ್ಟು ಹಾಕಿಸಲು ಕಾಗದದ ಅಳತೆ ತೆಗೆಯುತ್ತಿದ್ದರು. ಅವ್ವ ಯೋಚನೆಗೆ ಬಿದ್ದಳು.

"ಬೆಲ್ಲ ಬ್ಯಾಡ. ಒಂದ್ ನಿಂಬೆಅಣ್ಣು?"

"ಅದೂ ಮಾರ್ತಾರೆ ಕಣವ್ವ."

"ಎರಡು ಇಳ್ಳೇದೆಲೆ?"

"ತಂಪು ಪೆಟ್ಟಿಗೇಲಿ ಮಡಗವ್ರೆ."

"ಹಿಡಿ ರಾಗಿ? ಉಪ್ಪು? ಅರಿಶ್ನದ ಕೊಂಬು?"

"ಎಲ್ಲಾ ಅವೆ."

"ಇನ್ನೇನ್ಲಾ ಇಲ್ಲ ಆ ಹಾಳು ಅಂಗ್ಡೀಲಿ?"

ಅಂಗಡಿಯ ಸಾಲು ಸಾಲನ್ನೂ ಮನಸ್ಸಿನಲ್ಲೇ ಸುತ್ತಿ ಬಂದೆ. ಅವ್ವ ಎದ್ದು ಹೋಗಿ ನನ್ನ ಟ್ರಂಕಿನಿಂದ ಒಂದು ಕಟ್ಟು ತಂದು ಮುಂದೆ ಹಾಕಿದಳು. ಟೆಸ್ಟ್ ಪೇಪರುಗಳು.

"ಇದು ಮಾರ್ತಾರಾ?"

"ಇದ್ಯಾರ್ ತಕ್ಕತಾರವ್ವ!"

"ಅಂಗಾರೆ ಇದೇ ಸೈ. ಒಂದೊಂದು ಮಡಿಸಿ ಮಡಗ್ತೀನಿ."

"ಬರಿ ಕಾಗ್ದ ಮಡಗುದ್ರೆ ಬರಿ ಚೀಲವೇ ತಾನೆ?"

ಅವ್ವ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು. "ಇದ್ರ ತುಂಬಾ ಅಕ್ಸರ ಅವೆಯಲ್ಲೋ. ಬರಿ ಚೀಲ ಎಂಗಾದದು?"

ಅವು ಒಳ್ಳೆಯ ಪೇಪರಲ್ಲ, ಫೇಲಾದವು ಎಂದೆ. ಇಷ್ಟು ವರ್ಷದ ಮೇಲೆ ಹೇಳಲು ಎದೆ ಗಟ್ಟಿ ಮಾಡಿಕೊಳ್ಳಬೇಕಾಯಿತು.

"ಗೊತ್ತು ಬುಡು."

"ಎಂಗ್ ಗೊತ್ತು? ನಿಂಗೆ ಓದಾಕ್ ಬರಾಕಿಲ್ವಲ್ಲ."

"ಇವ ತಂದ್ ದಿನ್ವೆಲ್ಲಾ ನೀನು ಮುದ್ದೆ ಅರ್ಧಕ್ಕೆ ಬುಟ್ಟು ಎದ್ದೋಯ್ತಿದ್ದೆ. ಎಲ್ಡು ಮುದ್ದೆ ಉಂಡ ದಿನದವ ಬ್ಯಾರೆ ಕಟ್ಟಿ ದೇವ್ರ ಮನೇಲಿ ಮಡಗಿವ್ನಿ. ಅವ ಯಾರ್ಗೂ ಕೊಡಾಕಿಲ್ಲ."

ಅಪ್ಪ ಅಳತೆಯ ದಾರ ಹಿಡಿದುಕೊಂಡೇ, "ಪಾಪ, ಯೂನಿವರ್ಸಿಟಿಯೋರ್ನ ಸುಮ್ಸುಮ್ಕೆ ಬಯ್ದೆ" ಎಂದರು.

ಅಂದಿನಿಂದ ನನ್ನ ಅರ್ಥಶಾಸ್ತ್ರ ಮದ್ದೂರು, ಮಂಡ್ಯ, ಮಳವಳ್ಳಿಯ ಸಂತೆಗಳಲ್ಲಿ ಓಡಾಡುತ್ತಿದೆ. ವೈರು ಬ್ಯಾಗಿನ ಕಣ್ಣುಗಳು ದೊಡ್ಡವು. ತಳದಲ್ಲಿರುವ ಕಾಗದದ ಕೆಂಪು ಶಾಯಿ ಹೊರಗಿನಿಂದಲೂ ಕಾಣುತ್ತದೆ. ನಾನು ಬಗ್ಗಿ ನೋಡುವುದು ಗಂಟನ್ನಲ್ಲ, ಅದನ್ನು.

ಮೊನ್ನೆ ಹನಕೆರೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಒಬ್ಬ ಅಜ್ಜಿ ತನ್ನ ಹೊಸ ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಮೊಮ್ಮಗಳ ಕೈಲಿ ಒಳಗಿನ ಕಾಗದ ಓದಿಸುತ್ತಿದ್ದಳು. ಮೊಮ್ಮಗಳು ಇಪ್ಪತ್ತೈದಕ್ಕೆ ಏಳು ಎಂದು ಓದಿದಳು. ನನಗೆ ಏಳು ಬಂದದ್ದು ಒಂದೇ ಸಲವಲ್ಲ. ಅಜ್ಜಿ ತಲೆಯೆತ್ತಿ, "ಯಾರ್ದಪ್ಪ ಈ ಏಳು?" ಎಂದು ಇಡೀ ಪ್ಲಾಟ್‌ಫಾರಮ್ಮನ್ನು ಕೇಳಿದಳು.

"ನಂದು ಕಣಜ್ಜಿ" ಎಂದೆ.

ಅವಳು ನನ್ನ ಹಳದಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಆಮೇಲ್ ಪಾಸಾದ್ಯಾ?"

"ಆದೆ."

"ಅಂಗಾರೆ ನಮ್ ಸೊಸೆಗೂ ಒಂದ್ ಎಣ್ಕೊಡು" ಎಂದಳು ಅಜ್ಜಿ. ಕಾಗದವನ್ನು ಮತ್ತೆ ಮಡಿಸಿ, ಬ್ಯಾಗಿನೊಳಕ್ಕೇ ಹಾಕಿಕೊಂಡಳು.